ಕಂಬದ ಹಿಂದಿನ ಎರಡು ಕೈ

ನಾನು ಸಿನಿಮಾದವರ ತಲೆಗೆ ವಿಗ್ಗು ಕೂರಿಸುತ್ತಿದ್ದವನು. ಕ್ಯೋತೋದ ಉಜುಮಾಸಾದಲ್ಲಿ ಮೂವತ್ತನಾಲ್ಕು ವರ್ಷ ಸಮುರಾಯ್‌ಗಳಿಗೆ, ಜೂಜುಕೋರರಿಗೆ, ಕಳ್ಳರಿಗೆ ಜುಟ್ಟು ಕಟ್ಟಿದ್ದೇನೆ. ನನ್ನ ಕೈಯಲ್ಲಿ ಜುಟ್ಟು ಕಟ್ಟಿಸಿಕೊಂಡ ಹೀರೋಗಳು ಈಗ ಮುದುಕರಾಗಿ ಟೀವಿಯಲ್ಲಿ ಸಂದರ್ಶನ ಕೊಡುತ್ತಾರೆ. ಅದರಲ್ಲಿ ನನ್ನ ಹೆಸರು ಬರುವುದಿಲ್ಲ. ಬೇಡ ಬಿಡಿ, ಬಂದು ಆಗಬೇಕಾದ್ದೇನೂ ಇಲ್ಲ. ಆದರೆ ತೊಮೆ ಅಕ್ಕನ ಹೆಸರೂ ಬರುವುದಿಲ್ಲವಲ್ಲ, ಅದಕ್ಕೆ ನನಗೆ ಮೈ ಉರಿಯುತ್ತದೆ.

‘ಗುಬ್ಬಿ ಯೊಹಾಚಿ’ ಸಿನಿಮಾವನ್ನು ನೋಡದವರು ನಮ್ಮ ಕಡೆ ಇಲ್ಲ. ಮೀನಿನ ಬುಟ್ಟಿ ಹೊರುವ ಪುಂಡ ಹುಡುಗ, ಕೈಯಲ್ಲಿ ಕತ್ತಿಯೂ ಇಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಊರನ್ನು ಹಿಂಡುತ್ತಿರುವ ಗ್ಯಾಂಗಿಗೆ ಒಬ್ಬನೇ ನೀರು ಕುಡಿಸುತ್ತಾನೆ. ಅದರಲ್ಲಿ ಒಂದು ಜಾಗವಿದೆ. ಹೆಣದಂತೆ ನಟಿಸಿ ದೇವಸ್ಥಾನದೊಳಕ್ಕೆ ಹೊಕ್ಕ ಯೊಹಾಚಿ ಜಿಗಿದೆದ್ದು ಓಡುತ್ತಾನೆ, ಕಂಬದ ಹಿಂದೆ ಅಡಗುತ್ತಾನೆ, ಆಗ ಹಿಂದಿನಿಂದ ಎರಡು ಕೈ ಬಂದು ಅವನ ಉಡುಪು ಸರಿಪಡಿಸುತ್ತವೆ. ಮುಖ ಕಾಣುವುದಿಲ್ಲ, ಕೈ ಮಾತ್ರ. ಆ ಕೈಗಳು ಸಾಂಕೇತಿಕ ಅಂತ ಯಾವನೋ ಪಂಡಿತ ಪತ್ರಿಕೆಯಲ್ಲಿ ನಾಲ್ಕು ಪುಟ ಬರೆದ. ಸಾಂಕೇತಿಕವಂತೆ, ಮಣ್ಣು. ಅವು ತೊಮೆ ಅಕ್ಕನ ಕೈ. ಬಲಗೈ ನಡುಬೆರಳಲ್ಲಿ ಸೂಜಿ ದೂಡುವ ಹೊಲಿಗೆಯ ಉಂಗುರ ಕಾಣುತ್ತದೆ, ಬೇಕಾದರೆ ನೋಡಿಕೊಳ್ಳಿ.

ತೊಮೆ ಅಕ್ಕ ನಿಶಿಜಿನ್‌ನ ನೇಕಾರರ ಮನೆಯವಳು. ಹದಿಮೂರನೇ ವಯಸ್ಸಿಗೆ ತಾಯಿ ಹೋದಳು. ಮನೆಯಲ್ಲಿ ಮಗ್ಗ, ಮಗ್ಗದ ಮುಂದೆ ಮಾತಿಲ್ಲದ ಅಪ್ಪ, ಮಗ್ಗದ ಕೆಳಗೆ ಆರು ವರ್ಷದ ತಮ್ಮ ತಾಮೊತ್ಸು. ಆ ತಮ್ಮನನ್ನು ಸಾಕಿದ್ದು ಇವಳೇ. ಹದಿನಾರಕ್ಕೆ ನಮ್ಮ ಸ್ಟುಡಿಯೊದ ಹೊಲಿಗೆ ಕೋಣೆ ಸೇರಿದಳು. ನಾನು ಸೇರುವ ಹೊತ್ತಿಗೆ ಉಡುಪಿನ ಉಗ್ರಾಣದ ಕೀಲಿ ಅವಳ ಸೊಂಟದಲ್ಲಿತ್ತು. ಉಗ್ರಾಣದ ಹಿಂದೆ ಮೂರು ಚಾಪೆ ಹಾಸುವಷ್ಟು ಅಗಲದ ಕೋಣೆಯೇ ಅವಳ ಮನೆ. ಮದುವೆಯಾಗಲಿಲ್ಲ. ಒಮ್ಮೆ ಯಾಕೆಂದು ಕೇಳಿದ್ದಕ್ಕೆ, “ನಿನ್ನಂಥೋರನ್ನ ದಿನಾ ನೋಡ್ತೀನಲ್ಲಪ್ಪ,” ಅಂದಳು. ಆಮೇಲೆ ನಾನು ಕೇಳಲಿಲ್ಲ.

ಬಾಯ್ತುಂಬ ಗುಂಡುಸೂಜಿ ಕಚ್ಚಿಕೊಂಡೇ ಬೈಯುವ ವಿದ್ಯೆ ಅವಳೊಬ್ಬಳಿಗೇ ಗೊತ್ತಿತ್ತು. ದೊಡ್ಡ ದೊಡ್ಡ ಹೀರೋಗಳೂ ಅವಳ ಮುಂದೆ ಕೈ ಚಾಚಿ, ಉಸಿರು ಹಿಡಿದು ನಿಲ್ಲುತ್ತಿದ್ದರು. “ಹೊಟ್ಟೆ ಒಳಗೆ ತಗೊಳ್ಳಿ. ಇನ್ನೂ ಒಳಗೆ. ರಾತ್ರಿ ಎಲ್ಲಿ ತಿಂದ್ರಿ ಇಷ್ಟು?” ಅನ್ನುವಳು. ಅವಳು ಉಡಿಸಿದ ಕಿಮೊನೊ ಎಂಥ ಹೊಡೆದಾಟದಲ್ಲೂ ಬಿಚ್ಚುತ್ತಿರಲಿಲ್ಲ. ಹಾಗಾಗಿ ಅವಳು ಉಡಿಸಿದ್ದನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಆಮೇಲೆ ಎಡವಟ್ಟಾದದ್ದು ಇದರಿಂದಲೇ.

ಈಗಿನ ಹುಡುಗರಿಗೆ ಇದನ್ನೂ ಹೇಳಬೇಕು, ಅವರು ಕಿಮೊನೊ ಉಡುವುದೇ ವರ್ಷಕ್ಕೊಂದು ದಿನ. ಬದುಕಿರುವವರಿಗೆ ಎಡಗಡೆಯ ಅಂಚು ಮೇಲೆ ಬರಬೇಕು, ಬಲಗಡೆಯದು ಒಳಗೆ. ಹೆಣಕ್ಕೆ ಮಾತ್ರ ತಿರುಗಾಮುರುಗಾ, ಬಲ ಮೇಲೆ. ತಪ್ಪಿ ಹಾಗೆ ಉಟ್ಟುಕೊಂಡು ಹೊರಟವನನ್ನು ಬೀದಿಯಲ್ಲಿ ಗುರುತಿಲ್ಲದ ಮುದುಕಿಯೂ ತಡೆದು ನಿಲ್ಲಿಸುತ್ತಾಳೆ. ಸಿನಿಮಾದಲ್ಲಿ ಹೆಣದ ಪಾತ್ರ ಬಂದರೆ ಬಲ ಮೇಲೆ ಉಡಿಸಲೇಬೇಕು. ಉಡಿಸುವಾಗ ತೊಮೆ ಅಕ್ಕನ ಮುಖ ಸಿಂಡರಿಸುತ್ತಿತ್ತು. ‘ಕಟ್’ ಎಂಬ ಮಾತು ಬಿದ್ದ ತಕ್ಷಣ ಓಡಿಹೋಗಿ, ನಟ ಎದ್ದು ನಾಲ್ಕು ಹೆಜ್ಜೆ ಇಡುವುದರೊಳಗೆ ಅಂಚು ಬದಲಿಸಿ, ತೋಳಿನ ಚೀಲದಿಂದ ಚಿಟಿಕೆ ಉಪ್ಪು ತೆಗೆದು ಎರಚಿ, ಎದೆಗೆ ಎರಡು ಸಲ ತಟ್ಟಿ, “ಹೂಂ, ಹೋಗು. ಬದುಕ್ಕೋ,” ಅನ್ನುತ್ತಿದ್ದಳು. ಸಾವಿನ ಮೈಲಿಗೆ ಕಳೆಯಲು ಉಪ್ಪು ಎರಚುವವರು ಬೇರೆ ಕಡೆಯೂ ಇದ್ದಾರೆ. ಆದರೆ ಅವಳ ಆತುರ ಇನ್ನೊಬ್ಬರಿಗಿರಲಿಲ್ಲ.

ಯಾಕೆ ಅಂತ ನನಗೆ ಗೊತ್ತಿತ್ತು. ತಾಮೊತ್ಸು ಇಪ್ಪತ್ತನೇ ವಯಸ್ಸಿಗೆ ದಕ್ಷಿಣದ ಯಾವುದೋ ದ್ವೀಪಕ್ಕೆ ಯುದ್ಧಕ್ಕೆ ಹೋದ. ಎರಡು ವರ್ಷದ ಮೇಲೆ ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆ ಬಂತು. ಒಳಗೆ ಅಸ್ಥಿಯ ಬದಲು ಒಂದು ಕಲ್ಲು, ಹೆಸರು ಬರೆದ ಚೀಟಿ. ಒಮ್ಮೆ ದಾರ ಪೋಣಿಸುತ್ತಾ, ಯಾರೂ ಕೇಳದೆಯೇ ಹೇಳಿದಳು: “ನಾನು ಅವನಿಗೆ ಬಲ ಮೇಲೆ ಮಾಡಿಲ್ಲ ಯಾಸು. ಮಾಡೋಕೆ ಯಾರೂ ಇರ್ಲಿಲ್ಲವಲ್ಲ.” ಯಾಸು ಅಂದರೆ ನಾನು. ನಾನು ಕೈಯಲ್ಲಿದ್ದ ವಿಗ್ಗನ್ನು ಮತ್ತೆ ಮತ್ತೆ ಬಾಚಿದೆ.

ಇದು 1958ರ ಮಾತು. ಯೊಹಾಚಿಯ ಪಾತ್ರಕ್ಕೆ ಆರಿಸಿದ್ದು ನೊಬುವನ್ನು. ಮಿಯಾಜುವಿನ ಬೆಸ್ತರ ಮನೆಯ ಹುಡುಗ, ವಯಸ್ಸು ಇಪ್ಪತ್ತೊಂದು. ಅಲ್ಲಿಯವರೆಗೆ ಅವನ ಕೆಲಸ ಹೀರೋಗಳ ಕತ್ತಿಗೆ ಸಿಕ್ಕಿ ಸಾಯುವುದು. ದಿನಕ್ಕೆ ಆರು ಸಲ ಸಾಯುತ್ತಿದ್ದ, ಪ್ರತಿ ಸಲವೂ ಬೇರೆ ಥರ. ಡೈರೆಕ್ಟರ್ ಮಿಜುಹಾರ ಅದನ್ನು ನೋಡಿಯೇ ಆರಿಸಿದ್ದು. “ಇಷ್ಟು ಚೆನ್ನಾಗಿ ಬೀಳೋನಿಗೆ ಏಳೋದೂ ಬರುತ್ತೆ,” ಅಂದರಂತೆ. ಮ್ಯಾನೇಜರ್ ಓಗಾಕಿಗೆ ಇದು ಸೇರಲಿಲ್ಲ. ಹೆಸರಿಲ್ಲದ ಹುಡುಗನನ್ನು ಹಾಕಿಕೊಂಡು ಸಿನಿಮಾ ಮುಳುಗಿದರೆ ಆ ಹುಡುಗ ವಾಪಸ್ ಸಾಯಲಿಕ್ಕೆ ಹೋಗುತ್ತಾನೆ, ಮಿಜುಹಾರ ಎಲ್ಲಿಗೆ ಹೋಗುತ್ತಾರೋ ನೋಡೋಣ ಎಂದು ಎಲ್ಲರೆದುರೇ ಹೇಳಿದ್ದ.

ಆ ದೇವಸ್ಥಾನದ ದೃಶ್ಯವೇ ಸಿನಿಮಾದ ಬೆನ್ನೆಲುಬು. ಹಳೇ ಕಾಲದಲ್ಲಿ ಬಡವರ ಹೆಣವನ್ನು ಮಂಡಿ ಮಡಿಸಿ ದುಂಡನೆಯ ಮರದ ತೊಟ್ಟಿಯಲ್ಲಿ ಕೂರಿಸುತ್ತಿದ್ದರು, ಉಪ್ಪಿನಕಾಯಿ ಪೀಪಾಯಿ ಇದ್ದ ಹಾಗೆ. ಯೊಹಾಚಿ ಅಂಥ ತೊಟ್ಟಿಯಲ್ಲಿ ಬಿಳಿ ಬಟ್ಟೆ ಉಟ್ಟು ಕೂತಿರುತ್ತಾನೆ. ಗ್ಯಾಂಗಿನ ಯಜಮಾನ ಮುಚ್ಚಳ ತೆಗೆದು ನೋಡುತ್ತಾನೆ. ಹೆಣ ಕಣ್ಣು ಹೊಡೆಯುತ್ತದೆ. ಅಲ್ಲಿಂದ ನೆಗೆತ. ತೊಟ್ಟಿಯ ತಳ ಕಿತ್ತು, ತೊಟ್ಟಿ ಸೊಂಟಕ್ಕೆ ಸಿಕ್ಕಿಕೊಂಡು, ಹಾಗೇ ಓಡಿ ಕಂಬದ ಹಿಂದೆ ಸೇರುತ್ತಾನೆ. ಅದು ಒಂದು ಶಾಟು. ಕಂಬದಿಂದ ಈಚೆ ಬಂದು ಮೂವತ್ತು ಜನರನ್ನು ಮುಚ್ಚಳದಲ್ಲಿ ಬಾರಿಸುವುದು ಆಮೇಲಿನ ಶಾಟುಗಳು.

ಅವತ್ತು ಸಂಜೆಗೆ ಸೆಟ್ಟು ಬಿಟ್ಟುಕೊಡಬೇಕಿತ್ತು, ಇನ್ನೊಂದು ಸಿನಿಮಾದವರು ಕಾದಿದ್ದರು. ಎಲ್ಲರಿಗೂ ಆತುರ. ಮೊದಲ ಶಾಟು ಒಂದೇ ಸಲಕ್ಕೆ ಆಯಿತು. ‘ಕಟ್’ ಅಂದರು. ತೊಟ್ಟಿ ಕಳಚಿದರು. ನಾನು ಬಾಚಣಿಗೆ ಹಿಡಿದು ನೊಬುವಿನ ಜುಟ್ಟಿಗೆ ಕೈ ಹಾಕಿದೆ. ಅಷ್ಟರಲ್ಲಿ ತೊಮೆ ಅಕ್ಕ ನನ್ನ ಕಂಕುಳ ಕೆಳಗಿಂದ ತೂರಿ ಬಂದು ಅಂಚು ಬದಲಿಸಿದಳು, ಉಪ್ಪು ಹಾಕಿದಳು, ತಟ್ಟಿದಳು. “ಹೂಂ, ಹೋಗು. ಬದುಕ್ಕೋ.” ನಾನು ಕಣ್ಣಾರೆ ನೋಡಿದೆ. ಏನೂ ಅನ್ನಿಸಲಿಲ್ಲ. ಎಡ ಮೇಲಿರುವ ಜೀವಂತ ಮನುಷ್ಯ, ಅದರಲ್ಲಿ ನೋಡುವಂಥದ್ದೇನಿದೆ? ಮೂವತ್ತು ಜನ ಹೊಡೆದಾಡುವವರು, ಇಬ್ಬರು ಕ್ಯಾಮೆರಾದವರು, ಶಾಟಿನ ವಿವರ ಬರೆದುಕೊಳ್ಳುವ ಮಿನೆಕೊ, ಡೈರೆಕ್ಟರು, ಯಾರೊಬ್ಬರಿಗೂ ಏನೂ ಅನ್ನಿಸಲಿಲ್ಲ. ಸಂಜೆಯವರೆಗೂ ಹೊಡೆದಾಟ ತೆಗೆದು, ಕೈಮುಗಿದು, ಸೆಟ್ಟು ಬಿಟ್ಟುಕೊಟ್ಟೆವು.

ಮೂರನೇ ದಿನ ಕ್ಯಾಂಟೀನಿನಲ್ಲಿ ಉದೋನ್ ಶಾವಿಗೆ ತಿನ್ನುತ್ತಿದ್ದೆ. ಎದುರು ಕೂತ ಇನ್ನೊಂದು ಸಿನಿಮಾದ ಹೆಣದ ವೇಷದವನು ಬಲ ಮೇಲೆ ಇಟ್ಟುಕೊಂಡೇ ಸೊರ್ರನೆ ಎಳೆಯುತ್ತಿದ್ದ. ತೊಮೆ ಅಕ್ಕ ಕಂಡರೆ ನಿನಗಿದೆ ಮಗನೆ, ಅಂದುಕೊಂಡೆ. ಮರುಗಳಿಗೆ ಕಂಬದ ಹಿಂದಿನದು ನೆನಪಾಯಿತು. ಬಟ್ಟಲು ಬಿಟ್ಟು ಉಗ್ರಾಣಕ್ಕೆ ಓಡಿದೆ.

“ಅಕ್ಕ, ಯೊಹಾಚಿ ಕಂಬದ ಹಿಂದೆ ಹೋಗೋವಾಗ ಬಲ ಮೇಲಿತ್ತು.”

“ಹೆಣ ಅಲ್ವೇನೋ, ಬಲಾನೇ ಇರಬೇಕು.”

“ಈಚೆ ಬರೋವಾಗ?”

ಅವಳ ಸೂಜಿ ನಿಂತಿತು. ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು.

“ಸೆಟ್ಟು?” ಅಂದಳು.

“ಬಡಗಿಗಳು ಬೆಳಿಗ್ಗೆಯಿಂದ ಕೀಳ್ತಿದಾರೆ.”

“ಅಯ್ಯೋ ನನ್ನ ಕೈಗೆ ಬೆಂಕಿ ಬೀಳ.”

“ಸುಮ್ನಿರು ಅಕ್ಕ. ಬಿಳಿ ಮೇಲೆ ಬಿಳಿ, ಯಾರಿಗೆ ಕಾಣುತ್ತೆ? ನಾನಂತೂ ಬಾಯಿ ಬಿಡಲ್ಲ.”

“ಯಾರಿಗ್ ಕಾಣಲ್ಲ? ಟಿಕೆಟ್ ಹರಿಯೋನಿಂದ ಹಿಡಿದು ಕಡ್ಲೆಕಾಯಿ ಮಾರೋ ಮುದುಕೀವರೆಗೂ ಎಲ್ರಿಗೂ ಕಾಣುತ್ತೆ. ನಿನ್ನ ತಲೇಲಿ ಕೂದಲು ಬಿಟ್ರೆ ಬೇರೇನೂ ಇಲ್ವೇನೋ,” ಅಂದಳು. ನನಗೆ ಕೋಪ ಬರಲಿಲ್ಲ. ಅವಳಿಗೆ ಕೆಲಸ ಹೋದರೆ ಹೋಗಲಿಕ್ಕೆ ಇನ್ನೊಂದು ಮನೆ ಇರಲಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅದೇ ಮಧ್ಯಾಹ್ನ, ತೊಳೆದು ಬಂದ ಫಿಲ್ಮನ್ನು ಸಣ್ಣ ಕೋಣೆಯಲ್ಲಿ ಹಾಕಿ ನೋಡುವುದಿತ್ತು. ಉಡುಪಿನವರು ಅಲ್ಲಿಗೆ ಬರುವ ಪದ್ಧತಿಯಿಲ್ಲ. ತೊಮೆ ಅಕ್ಕ ಹೊಸ ಕಾಲುಚೀಲ ಹಾಕಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತಳು. ನೊಬು ಬೆಳಿಗ್ಗೆ ಇನ್ಯಾವುದೋ ಸಿನಿಮಾದಲ್ಲಿ ಎರಡು ಸಲ ಸತ್ತು, ಹಳೇ ಕಿಮೊನೊದಲ್ಲೇ ಬಂದಿದ್ದ. ಪಾಪ, ಹೀರೋ ಆದರೂ ಆ ಕೆಲಸ ಬಿಟ್ಟಿರಲಿಲ್ಲ.

ಮುಚ್ಚಳ ತೆರೆಯಿತು, ಹೆಣ ಕಣ್ಣು ಹೊಡೆಯಿತು, ಎಲ್ಲರೂ ನಕ್ಕರು. ತೊಟ್ಟಿ ಸಮೇತ ಓಡಿದ, ಇನ್ನೂ ನಕ್ಕರು. ಕಂಬದಿಂದ ಈಚೆ ಬಂದ. ನಗು ಅಲ್ಲಿಗೇ ನಿಂತಿತು.

“ನಿಲ್ಸಿ,” ಅಂದ ಓಗಾಕಿ. “ಹಿಂದಕ್ಕೆ ಹಾಕಿ.” ಎರಡನೇ ಸಲ ನೋಡಿ ಎದ್ದು ನಿಂತ. “ಕಂಬದ ಹಿಂದೆ ಹೋಗಿದ್ದು ಹೆಣ, ಈಚೆ ಬಂದಿದ್ದು ಮನುಷ್ಯ. ಏನಮ್ಮ ಮಿನೆಕೊ, ನಿನ್ನ ಪುಸ್ತಕದಲ್ಲಿ ಏನ್ ಬರ್ಕೊಂಡಿದೀಯ, ಅಡುಗೆ ಮಾಡೋದಾ?”

ಮಿನೆಕೊಳ ಕೈಯಿಂದ ಪೆನ್ಸಿಲು ಬಿತ್ತು. ತೊಮೆ ಅಕ್ಕ ಎದ್ದಳು.

“ಆ ಮಗೂನ ಬೈಬೇಡಿ. ಅಂಚು ಬದಲಾಯ್ಸಿದ್ದು ನಾನು.”

“ಬೇಕು ಅಂತ ಮಾಡಿದ್ಯಾ?”

“ಇಲ್ಲ. ಕೈ ಮಾಡಿಬಿಡ್ತು.”

“ಕೈ ಮಾಡಿಬಿಡ್ತಂತೆ. ಇಪ್ಪತ್ತೈದು ವರ್ಷ ಇದ್ದು ಕಲ್ತಿದ್ದು ಇದೇನಾ? ಸೆಟ್ಟಿಲ್ಲ, ಮತ್ತೆ ತೆಗೆಯೋಕಾಗಲ್ಲ, ಹೊಡೆದಾಟ ಪೂರ್ತಿ ಕಿತ್ತು ಬಿಸಾಕ್ಬೇಕು. ಆಮೇಲೆ ಈ ಸಿನಿಮಾದಲ್ಲಿ ಉಳಿಯೋದು ಏನು, ಮೀನಿನ ಬುಟ್ಟಿ? ಕೀಲಿ ಇಲ್ಲಿಟ್ಟು ಹೊರಡು. ಇವತ್ತೇ.”

ಅವಳು ಸೊಂಟದಿಂದ ಕೀಲಿ ಬಿಚ್ಚಿ ಅವನ ಕುರ್ಚಿಯ ತೋಳಿನ ಮೇಲಿಟ್ಟಳು. ನಾನೂ ಎದ್ದು, “ನಾನೂ ನೋಡಿದ್ದೆ, ಹೇಳ್ಲಿಲ್ಲ,” ಅಂದೆ.

“ನಿನ್ನನ್ನ ಯಾರಯ್ಯ ಕೇಳಿದ್ದು ಕೂದಲಿನವನೇ, ಕೂತ್ಕೋ,” ಅಂದ ಓಗಾಕಿ. ನನ್ನ ಬಾಳಿನ ಒಂದೇ ಒಂದು ಧೈರ್ಯದ ಕೆಲಸ ಹೀಗೆ ಮುಗಿಯಿತು.

ಡೈರೆಕ್ಟರ್ ಮಿಜುಹಾರ ಸಿಗರೇಟು ಬಿಟ್ಟಾಗಿನಿಂದ ಬಾಯಲ್ಲಿ ಸದಾ ಬೆಲ್ಲದ ಉಂಡೆ ಇಟ್ಟುಕೊಳ್ಳುತ್ತಿದ್ದರು. ಅದನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, “ತೊಮೆ, ಅವತ್ತು ಏನ್ ಮಾಡ್ದೆ, ಒಂದ್ಸಲ ಮಾಡಿ ತೋರ್ಸು,” ಅಂದರು.

“ಅದಕ್ಕೆ ಮೊದ್ಲು ಇವನನ್ನ ಹೆಣ ಮಾಡ್ಬೇಕು. ನಾನು ಮಾಡಲ್ಲ.”

ನೊಬು ಮುಂದೆ ಬಂದು ತಾನೇ ತನ್ನ ಕಿಮೊನೊದ ಬಲ ಅಂಚನ್ನು ಮೇಲೆ ಎಳೆದುಕೊಂಡು ನಿಂತ. ತೊಮೆ ಅಕ್ಕ ಲೊಚಗುಟ್ಟಿದಳು. ಒಂದೇ ಉಸಿರಿಗೆ ಅಂಚು ಎಳೆದಳು, ಬದಲಿಸಿದಳು, ನಡುಪಟ್ಟಿಯೊಳಕ್ಕೆ ಸಿಕ್ಕಿಸಿದಳು. ತೋಳಿನಿಂದ ಉಪ್ಪು ಬಂತು. ಎದೆಗೆ ಎರಡು ತಟ್ಟು. “ಹೂಂ, ಹೋಗು. ಬದುಕ್ಕೋ.” ಹಿಂದಿರುಗಿ ಬಾಗಿಲ ಕಡೆ ಹೊರಟೇಬಿಟ್ಟಳು.

“ನಿಂತ್ಕೋ,” ಅಂದರು ಮಿಜುಹಾರ. “ಯೊಹಾಚಿಗೆ ಲೋಕದಲ್ಲಿ ಯಾರೂ ದಿಕ್ಕಿಲ್ಲ ಅಂತ ಕಥೇಲಿ ಬರ್ಕೊಂಡಿದ್ವಿ. ತಪ್ಪು. ಕಂಬದ ಹಿಂದೆ ಒಬ್ಳು ಇದಾಳೆ.” ಆಮೇಲೆ ನನ್ನ ಕಡೆ ತಿರುಗಿದರು. “ಯಾಸು, ಕಂಬ ಇನ್ನೂ ಇದ್ಯಾ?”

ನಾನು ಅವತ್ತು ಓಡಿದ ಹಾಗೆ ಯುದ್ಧದಲ್ಲಿ ಬಾಂಬು ಬೀಳುವಾಗಲೂ ಓಡಿರಲಿಲ್ಲ. ಸೆಟ್ಟಿನಲ್ಲಿ ಬುದ್ಧನಿಲ್ಲ, ಚಾವಣಿಯಿಲ್ಲ, ಏಳು ಕಂಬ ನೆಲಕ್ಕೆ ಬಿದ್ದಿವೆ. ಎಂಟನೆಯದಕ್ಕೆ ಹಗ್ಗ ಕಟ್ಟಿ ನಾಲ್ವರು ಎಳೆಯಲು ನಿಂತಿದ್ದಾರೆ. ನಾನು ಹೋಗಿ ಕಂಬವನ್ನು ತಬ್ಬಿಕೊಂಡೆ.

“ಏನ್ ಸ್ವಾಮಿ, ಕಂಬಕ್ಕೂ ವಿಗ್ಗು ಹಾಕ್ತೀರಾ?” ಅಂದ ಮೇಸ್ತ್ರಿ.

“ಹಾಕ್ತೀನಿ ಕಣಯ್ಯ, ಹಗ್ಗ ಬಿಡು ಮೊದ್ಲು.”

ಅರ್ಧ ಗಂಟೆಯಲ್ಲಿ ಕ್ಯಾಮೆರಾ ಬಂತು. ದೇವಸ್ಥಾನ ಗುಡಿಸುವ ಮುದುಕಿಯದೆನ್ನುವಂಥ ಎರಡು ಕೈ ಬೇಕು, ಅವು ನಿನ್ನವೇ ಆಗಲಿ ಅಂದಾಗ ತೊಮೆ ಅಕ್ಕ ರಂಪ ಮಾಡಿದಳು. ಮುಖ ತೋರಿಸುವುದಿಲ್ಲ ಎಂದು ಡೈರೆಕ್ಟರು ಮಾತು ಕೊಟ್ಟ ಮೇಲೆ ಒಪ್ಪಿದಳು. ಮೊದಲ ಸಲ ಕೈ ಎಷ್ಟು ಬೇಗ ಆಡಿತೆಂದರೆ ಕ್ಯಾಮೆರಾದವನಿಗೆ ಏನೂ ಸಿಗಲಿಲ್ಲ.

“ನಿಧಾನ ಮಾಡಮ್ಮ,” ಅಂದರು ಮಿಜುಹಾರ.

“ನಿಧಾನ ಮಾಡಿದ್ರೆ ಅಷ್ಟರೊಳಗೆ ಸತ್ತೇ ಹೋಗ್ತಾನೆ.”

ಮೂರನೇ ಸಲಕ್ಕೆ ಸರಿಯಾಯಿತು. ಉಂಗುರ ತೆಗೆಯಲು ಎಲ್ಲರೂ ಮರೆತಿದ್ದೆವು. ಅಭ್ಯಾಸ ಬಲದಿಂದ “ಹೂಂ, ಹೋಗು. ಬದುಕ್ಕೋ” ಎಂದದ್ದೂ ಮೈಕಿಗೆ ಸಿಕ್ಕಿತು, ಅದನ್ನೂ ಹಾಗೇ ಬಿಟ್ಟರು. ಆದರೆ ಕೀಲಿ ಮಾತ್ರ ಓಗಾಕಿಯ ಜೇಬಿನಲ್ಲೇ ಇತ್ತು. “ಹೊಡೆದಾಟದ ಮಧ್ಯ ಮುದುಕಿ ಬಂದು ಬಟ್ಟೆ ಸರಿ ಮಾಡೋದನ್ನ ಜನ ಒಪ್ಪಿದ್ರೆ ಕೀಲಿ ವಾಪಸ್. ಸೀಟಿ ಹೊಡೆದು ಓಡ್ಸಿದ್ರೆ ನಾನು ಜವಾಬ್ದಾರ ಅಲ್ಲ,” ಅಂದ. ಬಿಡುಗಡೆಗೆ ಇಪ್ಪತ್ತಾರು ದಿನವಿತ್ತು. ಅಷ್ಟೂ ದಿನ ತೊಮೆ ಅಕ್ಕ ಉಗ್ರಾಣದ ಬಾಗಿಲು ತೆಗೆಸಲು ಪ್ರತಿ ಬೆಳಿಗ್ಗೆ ಆಫೀಸಿಗೆ ಹೋಗಿ ತಲೆಬಾಗಿ ನಿಲ್ಲಬೇಕಾಗಿತ್ತು. ತನ್ನ ಗಂಟುಮೂಟೆಯನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಇಟ್ಟೂ ಬಿಟ್ಟಿದ್ದಳು. ಇಪ್ಪತ್ತೈದು ವರ್ಷಕ್ಕೆ ಒಂದೇ ಗಂಟು.

ಬಿಡುಗಡೆಯ ದಿನ ಶಿನ್‌ಕ್ಯೋಗೊಕುವಿನ ಥಿಯೇಟರಿಗೆ ಬೆಳಗಿನ ಆಟಕ್ಕೆ ಹೋದೆವು. ನೊಬು ಟೋಪಿ ಇಳಿಸಿಕೊಂಡು ನಮ್ಮ ಮುಂದಿನ ಸಾಲಿನಲ್ಲಿ ಕೂತ. ಓಗಾಕಿ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ತೊಮೆ ಅಕ್ಕನ ಪಕ್ಕದಲ್ಲಿ ಒಬ್ಬ ಮುದುಕಿ, ಮಡಿಲಲ್ಲಿ ತರಕಾರಿ ಗಂಟು.

ತೊಟ್ಟಿಯ ಮುಚ್ಚಳ ತೆರೆದು ಹೆಣ ಕಣ್ಣು ಹೊಡೆದಾಗ ಇಡೀ ಹಾಲು ನಕ್ಕಿತು. ಯೊಹಾಚಿ ಜಿಗಿದು ಓಡಿದ. ನಕ್ಕರು, ಆದರೆ ಆ ನಗು ಪೂರ್ತಿ ಬಾಯಿ ಬಿಟ್ಟ ನಗುವಾಗಿರಲಿಲ್ಲ. ಪಕ್ಕದ ಮುದುಕಿ ಗಂಟನ್ನು ಹಿಸುಕುತ್ತಾ, “ಅಯ್ಯೋ, ಬಲ ಮೇಲೆ ಇಟ್ಕೊಂಡೇ ಓಡ್ತಿದಾನಲ್ಲ. ಯಾರಾದ್ರೂ ಹೇಳ್ಬಾರ್ದಾ ಮಗೂಗೆ,” ಎಂದು ಗೊಣಗಿದಳು. ಅಲ್ಲಲ್ಲಿ ಹಾಗೇ ಗೊಣಗಾಟ. ತೊಮೆ ಅಕ್ಕ ನನ್ನ ತೋಳನ್ನು ಉಗುರು ಇಳಿಯುವಷ್ಟು ಹಿಡಿದಿದ್ದಳು.

ಕಂಬದ ಹಿಂದಿನಿಂದ ಎರಡು ಕೈ ಬಂದವು. ಅಂಚು ಎಳೆದವು, ಬದಲಿಸಿದವು, ಸಿಕ್ಕಿಸಿದವು, ಎದೆಗೆ ಎರಡು ಸಲ ತಟ್ಟಿದವು. “ಹೂಂ, ಹೋಗು. ಬದುಕ್ಕೋ.”

ಸಾವಿರ ಜನ ಒಟ್ಟಿಗೆ ಉಸಿರು ಬಿಟ್ಟದ್ದನ್ನು ನಾನು ಆ ಒಂದು ಸಲ ಕೇಳಿದ್ದೇನೆ. ಆಮೇಲೆ ನಗು, ಚಪ್ಪಾಳೆ, ಕೆಲವರು ಎದ್ದೇ ನಿಂತರು. ಯೊಹಾಚಿ ಮುಚ್ಚಳ ಬೀಸಿಕೊಂಡು ಈಚೆ ಹಾರಿದಾಗ ಅವನಿಗೆ ಏನೂ ಆಗುವುದಿಲ್ಲ ಎಂದು ಹಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಸದ್ಯ, ಗೆದ್ದೆವು. ನನ್ನ ಎದೆಯ ಮೇಲಿನ ಚಪ್ಪಡಿ ಇಳಿದು, ನನಗೆ ಗೊತ್ತಿಲ್ಲದೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ.

“ಅಬ್ಬ, ಈಗ ಸರಿಹೋಯ್ತು,” ಎಂದಳು ಮುದುಕಿ. ಪರದೆಯನ್ನೇ ನೋಡುತ್ತಾ ಮೆಲ್ಲಗೆ ಅಂದಳು: “ನಮ್ಮ ಹುಡುಗ ಹೋದ ಕಡೆನೂ ಇಂಥೋಳೊಬ್ಳು ಇದ್ದಿದ್ರೆ. ನಮಗೆ ಬರೀ ಪೆಟ್ಟಿಗೆ ಬಂತು.”

“ನಮಗೂ ಅಷ್ಟೇ,” ಅಂದಳು ತೊಮೆ ಅಕ್ಕ. “ನನ್ನ ತಮ್ಮ.”

“ಯುದ್ಧಕ್ಕೆ ಹೋಗೋವಾಗ ನೋಡಿದ್ರಾ?”

“ನೋಡ್ದೆ. ಯೂನಿಫಾರ್ಮಿನ ಗುಂಡಿ ಹಾಕಿದ್ದು ನಾನೇ.” ತೊಮೆ ಅಕ್ಕ ತನ್ನ ಎರಡು ಕೈಗಳನ್ನು ಒಮ್ಮೆ ನೋಡಿಕೊಂಡಳು. “ಅದೂ ಎಡ ಮೇಲೇನೇ ಬರೋದು.”

“ಹೌದಲ್ವಾ,” ಅಂದಳು ಮುದುಕಿ. “ಹೌದು. ನಾನೂ ಹಾಗೇ ಹಾಕಿ ಕಳ್ಸಿದ್ದೆ.” ಮುದುಕಿ ಗಂಟಿನಿಂದ ಎರಡು ಕಿತ್ತಳೆ ಹಣ್ಣು ತೆಗೆದು ಒಂದನ್ನು ಇವಳಿಗೆ ಕೊಟ್ಟಳು.

ಸಿನಿಮಾ ಇನ್ನೂ ಮುಗಿದಿರಲಿಲ್ಲ, ಓಗಾಕಿ ಕತ್ತಲಲ್ಲಿ ತಡವರಿಸುತ್ತಾ ನಮ್ಮ ಸಾಲಿಗೆ ಬಂದ. “ನಾಳೆ ಬೆಳಿಗ್ಗೆ ಆಫೀಸಿಗೆ ಬರ್ಬೇಡ. ನಿನ್ನ ಮುಖ ನೋಡಿ ಸಾಕಾಗಿದೆ,” ಎಂದು ಅವಳ ಅಂಗೈಯಲ್ಲಿ ಕೀಲಿ ಇಟ್ಟು ಹೋದ. ಅವನ ದನಿ ಯಾಕೋ ಒಡೆದಿತ್ತು. ಅವನ ಮನೆಗೂ ಪೆಟ್ಟಿಗೆ ಬಂದಿತ್ತೋ ಏನೋ, ನಾನು ಕೇಳಿದವನಲ್ಲ.

ತೊಮೆ ಅಕ್ಕ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹಣ್ಣು ಸುಲಿದು ಅರ್ಧ ನನಗೆ ಕೊಟ್ಟಳು. ಆಮೇಲೆ ಮುಂದಕ್ಕೆ ಬಾಗಿ, ಟೋಪಿಯೊಳಗೆ ಮುಖ ಹುದುಗಿಸಿ ಅಳುತ್ತಿದ್ದ ನೊಬುವಿನ ಮಡಿಚಿಕೊಂಡ ಕಾಲರನ್ನು ಎಳೆದು ನೆಟ್ಟಗೆ ಮಾಡಿದಳು.